ಓದುಗರ ಪ್ರಶ್ನೆ: 160 ಮೀಟರ್ ಪಟ್ಟಿಗೆ ಆಂಪ್ಲಿಫೈಯರ್ ಕೊಳ್ಳಲೇ, ಆಂಟೆನಾ ಸುಧಾರಿಸಲೇ?

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಜಮೀನಿದೆ. ಅಲ್ಲಿ 12 ಮೀಟರ್ ಎತ್ತರದ ಕಂಬ ನಿಲ್ಲಿಸಿ, ಅದರ ಮೇಲಿಂದ ಇಳಿಬಿಟ್ಟ ತಂತಿಯನ್ನೇ ಆಂಟೆನಾ ಮಾಡಿಕೊಂಡು, 100 ವಾಟ್‌ನ ಹವ್ಯಾಸಿ (ಹ್ಯಾಮ್) ರೇಡಿಯೋ ಸೆಟ್ಟಿನಿಂದ 160 ಮೀಟರ್ ಪಟ್ಟಿಯಲ್ಲಿ ಕರೆಯುತ್ತಿದ್ದೇನೆ. ದೂರದ ಕೇಂದ್ರಗಳು ನನಗೆ ಕೇಳಿಸುತ್ತವೆ, ನನ್ನ ಕರೆ ಮಾತ್ರ ಅವರಿಗೆ ತಲುಪುವುದಿಲ್ಲ. 400 ವಾಟ್‌ನ ಆಂಪ್ಲಿಫೈಯರ್ ಕೊಂಡರೆ ಸರಿಹೋದೀತೇ, ಅಥವಾ ಆ ಹಣವನ್ನು ಆಂಟೆನಾಕ್ಕೆ ಹಾಕಬೇಕೇ?

ಉತ್ತರ: ಆಂಪ್ಲಿಫೈಯರಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. 100 ವಾಟನ್ನು 400 ವಾಟ್‌ಗೆ ಏರಿಸಿದರೆ ಸಿಗುವ ಲಾಭ 6 ಡೆಸಿಬೆಲ್, ಅಂದರೆ ಎದುರು ಪಾರ್ಟಿಯ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಮುಳ್ಳು ಒಂದು ಅಂಕೆ ಮುಂದೆ ಸರಿಯುತ್ತದೆ, ಅಷ್ಟೇ. ಆ ಒಂದು ಅಂಕೆ ಎಷ್ಟೋ ರಾತ್ರಿ ಸಂಪರ್ಕ ಆಗುವುದಕ್ಕೂ ಆಗದಿರುವುದಕ್ಕೂ ನಡುವಿನ ಅಂತರವಾಗಿರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ 6 ಡೆಸಿಬೆಲ್ ನಿಮ್ಮ ಜಮೀನಿನಲ್ಲೇ ಸೋರಿಹೋಗುತ್ತಿದೆ, ಅದನ್ನು ತಡೆಯಲು ಬೇಕಾದದ್ದು ಒಂದಿಷ್ಟು ತಂತಿ ಮತ್ತು ಎರಡು ಭಾನುವಾರಗಳ ದುಡಿಮೆ.

ತೊಂದರೆಯ ಮೂಲ ಇರುವುದು ತರಂಗಾಂತರದಲ್ಲಿ. ಈ ಪಟ್ಟಿಯ 1.83 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 164 ಮೀಟರ್; ಅದರ ಕಾಲು ಭಾಗದಷ್ಟು ಎತ್ತರದ ಲಂಬ ಆಂಟೆನಾ ಬೇಕೆಂದರೆ 41 ಮೀಟರ್ ಕಂಬ ನಿಲ್ಲಿಸಬೇಕು. ನಮ್ಮ ಕಡೆಯವರು ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತಾ ಬೆಳೆದ 675 ಕಿಲೋಹರ್ಟ್ಸ್‌ಗೆ ಇದೇ ಲೆಕ್ಕ ಹಾಕಿದರೆ ಕಾಲು ತರಂಗ 111 ಮೀಟರ್ ಆಗುತ್ತದೆ. ಮಧ್ಯಮ ತರಂಗದ ಕೇಂದ್ರಗಳಿಗೆ ಅಂಥ ಎತ್ತರದ ಗೋಪುರಗಳು ಯಾಕೆ ಬೇಕು ಎಂಬುದಕ್ಕೆ ಇದೇ ಕಾರಣ. ನಿಮ್ಮ 12 ಮೀಟರ್ ಇದರ ಮುಂದೆ ಗಿಡ್ಡ. ಗಿಡ್ಡ ಆಂಟೆನಾದ ವಿಕಿರಣ ರೋಧ, ಅಂದರೆ ಶಕ್ತಿಯನ್ನು ಆಕಾಶಕ್ಕೆ ಕಳುಹಿಸುವ ಕೆಲಸಕ್ಕೆ ಒದಗುವ ರೋಧ, ಎತ್ತರದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: ಎತ್ತರ ಅರ್ಧವಾದರೆ ರೋಧ ಕಾಲು ಭಾಗಕ್ಕೆ ಬರುತ್ತದೆ. ನಿಮ್ಮ ತಂತಿಗೆ ಅದು ಸುಮಾರು 2 ಓಮ್ ಮಾತ್ರ. ಅದರ ಜೊತೆಗೆ ಸರಣಿಯಲ್ಲಿ ಕೂತಿರುವುದು, ರೇಡಿಯಲ್‌ಗಳು, ಅಂದರೆ ಬುಡದಿಂದ ನೆಲದಲ್ಲಿ ಸುತ್ತ ಹರಡಿದ ತಂತಿಗಳು, ನಾಲ್ಕಾರಷ್ಟೇ ಇರುವ ಜಾಗದಲ್ಲಿ 30 ಓಮ್ ಇದ್ದರೂ ಆಶ್ಚರ್ಯವಿಲ್ಲದ ನೆಲದ ನಷ್ಟ, ಮತ್ತು ಶ್ರುತಿಗೆ ತರಲು ಹಾಕಿದ ಲೋಡಿಂಗ್ ಕಾಯಿಲಿನ (ತಂತಿಯ ಸುರುಳಿಯ) ಸುಮಾರು 6 ಓಮ್. ಒಟ್ಟು 38ರಲ್ಲಿ ಕೆಲಸಕ್ಕೆ ಬರುವುದು ಎರಡೇ ಆದ್ದರಿಂದ, 100 ವಾಟ್‌ನಲ್ಲಿ ಆಕಾಶ ಕಾಣುವುದು ಐದೂವರೆ ವಾಟ್. ಮಿಕ್ಕದ್ದು ನಿಮ್ಮ ಹೊಲದ ಎರೆಹುಳುಗಳಿಗೆ ಶಾಖ.

ಈಗ ಕಂಬದ ತುದಿಯಿಂದ ಎರಡು ಕಡೆಗೆ ತಲಾ 10 ಮೀಟರ್ ಉದ್ದದ ತಂತಿಯನ್ನು ಅಡ್ಡಲಾಗಿ ಎಳೆದು, ಲಂಬ ತಂತಿಗೆ ಜೋಡಿಸಿ. ಇದಕ್ಕೆ ಟಾಪ್ ಹ್ಯಾಟ್ ಎನ್ನುತ್ತಾರೆ. ಬರಿಯ ತಂತಿಯಲ್ಲಿ ಪ್ರವಾಹ ಬುಡದಿಂದ ಮೇಲೇರುತ್ತಾ ತುದಿಯಲ್ಲಿ ಸೊನ್ನೆಯಾಗುತ್ತದೆ. ಟೋಪಿ ಹಾಕಿದಾಗ ತುದಿಯಲ್ಲೂ ಅರ್ಧಕ್ಕಿಂತ ಹೆಚ್ಚು ಪ್ರವಾಹ ಉಳಿಯುವುದರಿಂದ ಅದೇ 12 ಮೀಟರ್ ಹೆಚ್ಚು ದುಡಿಯುತ್ತದೆ, ವಿಕಿರಣ ರೋಧ 5 ಓಮ್ ದಾಟುತ್ತದೆ. ಆಂಟೆನಾದ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವೂ ಏರುವುದರಿಂದ ಕಾಯಿಲಿನಲ್ಲಿ ಸುತ್ತುಗಳು ಕಡಿಮೆ ಸಾಕು, ಅದರ ನಷ್ಟವೂ ಎರಡೂವರೆ ಓಮ್‌ಗೆ ಇಳಿಯುತ್ತದೆ. ಆಕಾಶಕ್ಕೆ ಹೋಗುವ ಪಾಲು 14 ವಾಟ್ ಆಯಿತು. ಮುಂದೆ ನೆಲದ ನಷ್ಟವನ್ನು 30ರಿಂದ 15 ಓಮ್‌ಗೆ ಇಳಿಸಿದರೆ ಅದು 23 ವಾಟ್ ಆಗುತ್ತದೆ. ಐದೂವರೆಯಿಂದ 23ಕ್ಕೆ ಹೋಗುವುದೆಂದರೆ ನಾಲ್ಕು ಪಟ್ಟು, ಅಂದರೆ ನೀವು ಕೊಳ್ಳಬೇಕೆಂದಿದ್ದ ಆಂಪ್ಲಿಫೈಯರೇ ಬಂದ ಹಾಗಾಯಿತು. ಈ ಅಂಕಿಗಳು ಅಂದಾಜಿನವು. ನೆಲ ಹೇಗಿದೆ, ಕಾಯಿಲ್ ಹೇಗಿದೆ ಎಂಬುದರ ಮೇಲೆ ಹಿಂದುಮುಂದಾಗುತ್ತವೆ, ಲಾಭದ ಪ್ರಮಾಣ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ.

ನೆಲದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ. ಇದ್ದಿಲು, ಉಪ್ಪು ಹಾಕಿ ಹೂತ ಅರ್ಥಿಂಗ್ ಸರಳು ಮನೆಯ ವಿದ್ಯುತ್ತಿನ ಸುರಕ್ಷತೆಗೆ ಸರಿ. ರೇಡಿಯೋ ತರಂಗಕ್ಕೆ ಅದೊಂದೇ ಏನೇನೂ ಸಾಲದು. ಆಂಟೆನಾದ ಪ್ರವಾಹ ಸುತ್ತಲಿನ ನೆಲದ ಮೂಲಕ ಬುಡಕ್ಕೆ ಹಿಂತಿರುಗಬೇಕು, ಅದಕ್ಕೆ ಬುಡದಿಂದ ಗಾಲಿಯ ಅರಗಳ ಹಾಗೆ ಹರಡಿದ ತಂತಿಗಳು ಬೇಕು. ಅಮೆರಿಕದ ಎಂಜಿನಿಯರ್ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1937ರಲ್ಲಿ ಪ್ರಕಟಿಸಿದ ಅಳತೆಗಳ ನಂತರ ಪ್ರಸಾರ ಕೇಂದ್ರಗಳಲ್ಲಿ 120 ರೇಡಿಯಲ್ ಹೂಳುವುದು ರೂಢಿಯಾಯಿತು. ನಮಗೆ ಅಷ್ಟು ಬೇಡ. ನಾಲ್ಕು ಉದ್ದನೆಯ ತಂತಿಗಳಿಗೆ ಹಾಕುವ ತಾಮ್ರವನ್ನೇ ಹದಿನಾರು ಗಿಡ್ಡ ತಂತಿಗಳಾಗಿ ಕತ್ತರಿಸಿ ಹರಡಿದರೆ ಲಾಭ ಹೆಚ್ಚು. ಮೇಲೆ ಕವಚವಿರುವ ಮನೆ ವೈರಿಂಗಿನ ತಂತಿಯೂ ಆದೀತು. ಕುಂಟೆ ಹೊಡೆಯುವ ಹೊಲವಾದರೆ ಗೇಣುದ್ದ ಆಳಕ್ಕೆ ಇಳಿಸಬೇಕಾಗುತ್ತದೆ. ಬೋರ್‌ವೆಲ್ಲಿನ ಕೇಬಲನ್ನೇ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುವ ಕಾಲದಲ್ಲಿ ತಾಮ್ರವನ್ನು ಕಣ್ಣಿಗೆ ಬೀಳದಂತೆ ಹೂಳುವುದೇ ಜಾಣತನ ಎಂಬ ಇನ್ನೊಂದು ಕಾರಣವೂ ಇದೆ.

ರೇಡಿಯಲ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಾನು ಮೊದಲ ಬಾರಿ ಬಳಸಿದ್ದು ಒಂದು ಟಾರ್ಚ್ ಬಲ್ಬು. ಸೆಟ್ಟನ್ನು ಮೂರು ವಾಟ್‌ಗೆ ಇಳಿಸಿ, ಆಂಟೆನಾದ ಬುಡದಲ್ಲಿ ತಂತಿಯ ದಾರಿಗೆ ಬಲ್ಬನ್ನು ಸೇರಿಸಿ, ಕತ್ತಲಾದ ಮೇಲೆ ಕೀ ಒತ್ತಿದೆ. ಎರಡು ರೇಡಿಯಲ್ ಇದ್ದಾಗ ಬಲ್ಬಿನೊಳಗಿನ ಎಳೆ ಕೆಂಡದ ಬಣ್ಣಕ್ಕೆ ಬಂದು ನಿಂತಿತ್ತು. ಒಂದೊಂದಾಗಿ ಎಂಟು ತಂತಿ ಜೋಡಿಸಿ, ಪ್ರತಿ ಸಲ ಶ್ರುತಿಯನ್ನೂ ಹೊಂದಾಣಿಕೆಯನ್ನೂ ಸರಿಪಡಿಸುತ್ತಾ ಹೋದ ಹಾಗೆ ಅದು ಹಳದಿಗೆ ತಿರುಗಿ, ಕೊನೆಗೆ ಅಂಗೈಯ ಗೆರೆ ಕಾಣುವಷ್ಟು ಬೆಳಗಿತು. ಸೆಟ್ಟಿನ ಶಕ್ತಿ ಅಷ್ಟೇ ಇದ್ದು ಆಂಟೆನಾದ ಪ್ರವಾಹ ಏರಿದರೆ ನಷ್ಟ ಇಳಿಯಿತೆಂದೇ ಅರ್ಥ. ಇದಕ್ಕೆ ವಿರುದ್ಧವಾಗಿ, ಸೆಟ್ಟಿಗೂ ಆಂಟೆನಾಕ್ಕೂ ಹೊಂದಾಣಿಕೆ ಎಷ್ಟಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮಾತನ್ನು ಇಲ್ಲಿ ನಂಬಬೇಡಿ: ನೆಲದ ನಷ್ಟ ಹೆಚ್ಚಿದ್ದಾಗಲೇ ಆಂಟೆನಾ ಸೆಟ್ಟಿಗೆ ಬೇಕಾದ 50 ಓಮ್‌ನ ಹತ್ತಿರ ಬಂದು ಮೀಟರು ಬಲು ಚೆನ್ನಾಗಿ ತೋರಿಸುತ್ತದೆ, ನಷ್ಟ ಇಳಿದಾಗ ಕೆಡುತ್ತದೆ. ಕೆಟ್ಟಿತೆಂದು ರೇಡಿಯಲ್ ಕಿತ್ತುಹಾಕಿದವರನ್ನೂ ಕಂಡಿದ್ದೇನೆ.

ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆಯ ಗದ್ದೆಗಳು ಈ ಕೆಲಸಕ್ಕೆ ಒಳ್ಳೆಯ ನೆಲ. ಹಸಿ ಮಣ್ಣು ತಾನೇ ಅಷ್ಟಿಷ್ಟು ಪ್ರವಾಹವನ್ನು ಸಾಗಿಸುತ್ತದೆ. ಚಿತ್ರದುರ್ಗದ ಕಲ್ಲುಬಂಡೆಯ ಒಣ ಭೂಮಿಯಲ್ಲಿ ಆ ಸಹಾಯ ಸಿಗದು, ಹಾಗಾಗಿ ಅಲ್ಲಿ ರೇಡಿಯಲ್‌ಗಳು ಇನ್ನೂ ಹೆಚ್ಚು ಬೇಕು. ಎತ್ತರದ ವಿಷಯದಲ್ಲಿ ಚನ್ನಗಿರಿ ಕಡೆಯವರು ಪುಣ್ಯವಂತರು. ಅಡಿಕೆ ಮರಗಳ ನಡುವೆ ನೈಲಾನ್ ಹಗ್ಗ ಕಟ್ಟಿ ಟೋಪಿಯ ತಂತಿಯನ್ನು ತೂಗುಬಿಟ್ಟರೆ ಕಂಬದ ಖರ್ಚೇ ಇಲ್ಲ. ಗಾಳಿಗೆ ಮರ ಬಾಗುವುದರಿಂದ ಹಗ್ಗದಲ್ಲಿ ಸಡಿಲ ಬಿಡಬೇಕು, ವಿದ್ಯುತ್ ತಂತಿಗಳಿಂದ ದೂರವಿರಬೇಕು.

ಇನ್ನೂ ಕೆಳಗಿನ ಪಟ್ಟಿಗಳಿಗೆ ಇಳಿದರೆ ಆಯ್ಕೆಯೇ ಉಳಿಯುವುದಿಲ್ಲ. 136 ಕಿಲೋಹರ್ಟ್ಸ್‌ನಲ್ಲಿ ಕಾಲು ತರಂಗ 550 ಮೀಟರ್. ಅಲ್ಲಿ ನಿಮ್ಮ 12 ಮೀಟರ್ ತಂತಿಯ ವಿಕಿರಣ ರೋಧ ಒಂದು ಓಮಿನ ನೂರನೇ ಒಂದು ಭಾಗದಷ್ಟಿರುತ್ತದೆ. ನೆಲದ ನಷ್ಟವನ್ನು 50 ಓಮ್ ಎಂದುಕೊಂಡರೆ, ಕಾಯಿಲಿನ ನಷ್ಟವೂ ಅಷ್ಟೇ ಆಗಿ, 100 ವಾಟ್‌ನಲ್ಲಿ ಹೊರಗೆ ಹೋಗುವುದು ಸುಮಾರು 11 ಮಿಲಿವಾಟ್. ಅದಕ್ಕಾಗಿ ಕಾಯಿಲಿನ ಮೇಲ್ತುದಿಯಲ್ಲಿ ನಿಲ್ಲುವ ವೋಲ್ಟೇಜು ಮಾತ್ರ 15 ಸಾವಿರ ದಾಟುತ್ತದೆ. ಆಂಪ್ಲಿಫೈಯರ್ ಹಾಕಿ ನಾಲ್ಕು ಪಟ್ಟು ಶಕ್ತಿ ತುಂಬಿದರೆ ಅದು 30 ಸಾವಿರವಾಗುತ್ತದೆ. ಕತ್ತಲಲ್ಲಿ ತಂತಿಯ ತುದಿ ನೇರಳೆ ಬಣ್ಣಕ್ಕೆ ಹೊಳೆಯುವುದು, ಮಂಜು ಬಿದ್ದ ಇನ್ಸುಲೇಟರ್ ಮೇಲೆ ಕಿಡಿ ಹರಿಯುವುದು ಆಗಲೇ. ಬದಲಾಗಿ 20 ಮೀಟರಿನ ಮೂರು ತಂತಿಗಳ ಟೋಪಿ ಹಾಕಿದರೆ ವೋಲ್ಟೇಜು 4 ಸಾವಿರಕ್ಕೆ ಇಳಿದು, ಹೊರಹೋಗುವ ಶಕ್ತಿ 60 ಮಿಲಿವಾಟ್ ದಾಟುತ್ತದೆ. 2007ರ ವಿಶ್ವ ರೇಡಿಯೋ ಸಮ್ಮೇಳನ ಈ ಪಟ್ಟಿಯನ್ನು ಹವ್ಯಾಸಿಗಳಿಗೆ ಕೊಟ್ಟಾಗ ವಿಧಿಸಿದ ಮಿತಿಯೂ ಸೆಟ್ಟಿನ ವಾಟ್‌ಗಲ್ಲ, ಆಂಟೆನಾದಿಂದ ಹೊರಟ 1 ವಾಟ್‌ಗೆ. ಯಾವ ಪಟ್ಟಿಯಲ್ಲಿ, ಎಷ್ಟು ಶಕ್ತಿಯಲ್ಲಿ ಕರೆಯಬಹುದೆಂಬುದನ್ನು ನಿಮ್ಮ ಪರವಾನಗಿಯ ದರ್ಜೆ ನೋಡಿಯೇ ನಿರ್ಧರಿಸಿ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತಿದ್ದುವುದು ಒಳ್ಳೆಯದು. ಒಳ್ಳೆಯ ಆಂಟೆನಾ ಬಾಯಿಗೂ ಕಿವಿಗೂ ಆಗುತ್ತದೆ ಎಂಬ ಹಳೆಯ ಮಾತು ಮೇಲಿನ ಪಟ್ಟಿಗಳಲ್ಲಿ ನಿಜ. ಇಲ್ಲಿ ಅರ್ಧ ಮಾತ್ರ ನಿಜ. 160 ಮೀಟರಿನಲ್ಲಿ ಸಿಡಿಲಿನ ಚಟಪಟ, ಪಂಪ್‌ಸೆಟ್ಟಿನ ಸ್ಟಾರ್ಟರು, ಎಲ್‌ಇಡಿ ಬಲ್ಬು ಎಲ್ಲವೂ ಆಂಟೆನಾದ ಮೂಲಕವೇ ಒಳಬರುವುದರಿಂದ, ಅದರ ದಕ್ಷತೆ ಹೆಚ್ಚಿದಷ್ಟೂ ಸದ್ದೂ ಸಂಕೇತವೂ ಒಟ್ಟಿಗೆ ಏರುತ್ತವೆ. ಈಗ ನಿಮಗೆ ಕೇಳುತ್ತಿರುವುದಕ್ಕೆ ಅಡ್ಡಿಯಿಲ್ಲ. ಮುಂದೆ ಇನ್ನೂ ಕ್ಷೀಣ ಸಂಕೇತ ಬೇಕೆನಿಸಿದಾಗ ಕೇಳುವುದಕ್ಕೇ ಬೇರೆ ಆಂಟೆನಾ ಕಟ್ಟಿ. ಬದುವಿನ ಗುಂಟ ಆಳೆತ್ತರದಲ್ಲಿ 160 ಮೀಟರಿಗೂ ಮಿಕ್ಕಿದ ತಂತಿ ಎಳೆದು, ದೂರದ ತುದಿಯನ್ನು ಸುಮಾರು 450 ಓಮ್ ರೆಸಿಸ್ಟರ್ ಮೂಲಕ ನೆಲಕ್ಕೆ ಸೇರಿಸಿದರೆ ಅದು ಬೆವರೇಜ್ ಆಂಟೆನಾ. ಒಂದೇ ದಿಕ್ಕಿಗೆ ಕಿವಿಗೊಟ್ಟು ಉಳಿದ ಕಡೆಯ ಗದ್ದಲವನ್ನು ತಗ್ಗಿಸುತ್ತದೆ. ಅಟ್ಲಾಂಟಿಕ್ ಆಚೆಯ ಅಮೆರಿಕದ ಹವ್ಯಾಸಿಗಳ ಸಂಕೇತವನ್ನು 1921ರ ಡಿಸೆಂಬರ್‌ನಲ್ಲಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರಾಸನ್‌ನಲ್ಲಿ ಕೇಳಿದ್ದು ಇಂಥ ತಂತಿಯಿಂದಲೇ. ವಿಚಿತ್ರವೆಂದರೆ ಇದು ಚೆನ್ನಾಗಿ ದುಡಿಯುವುದು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ನೆಲದ ಮೇಲೆ. ಕಳುಹಿಸಲು ದಾವಣಗೆರೆಯ ಗದ್ದೆ ಹೇಗೋ ಕೇಳಲು ಚಿತ್ರದುರ್ಗದ ಬರಡು ಹಾಗೆ.

ಟೋಪಿ, ರೇಡಿಯಲ್ ಎರಡೂ ಮುಗಿದು, ಡಿಸೆಂಬರ್-ಜನವರಿಯ ಸದ್ದು ಕಡಿಮೆ ಇರುವ ರಾತ್ರಿಗಳಲ್ಲಿ ಕರೆದು ನೋಡಿದ ಮೇಲೂ ಕೊರತೆ ಕಂಡರೆ, ಆಗ ಆಂಪ್ಲಿಫೈಯರ್ ಕೊಳ್ಳಿ. ಅದರ 400 ವಾಟ್‌ನಲ್ಲಿ 90ಕ್ಕೂ ಹೆಚ್ಚು ವಾಟ್ ಆಕಾಶಕ್ಕೆ ಹೋಗುತ್ತದೆ. ಈಗಲೇ ಕೊಂಡರೆ ಹೋಗುವುದು 22.