ಒಲೆ ಹಚ್ಚುವಂತಿಲ್ಲ, ಫೋನ್ ಮುಟ್ಟುವಂತಿಲ್ಲ: ಯಹೂದಿ ಗಂಡಸರ ಶಿಬಿರದಲ್ಲಿ ಊಟಕ್ಕೇನು ಗತಿ?

ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಮ್ಮ ಟೀಮಿನವರೊಬ್ಬರು ವರ್ಷಕ್ಕೊಮ್ಮೆ ಯಹೂದಿ ಗಂಡಸರ ವಾರಾಂತ್ಯ ಶಿಬಿರಕ್ಕೆ ಹೋಗುತ್ತಾರೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಫೋನ್ ಇಲ್ಲ, ಒಲೆ ಹಚ್ಚುವುದಿಲ್ಲ, ಲೈಟಿನ ಸ್ವಿಚ್ ಕೂಡ ಒತ್ತುವುದಿಲ್ಲವಂತೆ. ಹಾಗಾದರೆ ಅಷ್ಟು ಜನರ ಊಟಕ್ಕೆ ಏನು ಮಾಡುತ್ತಾರೆ? ಗಂಡಸರಷ್ಟೇ ಸೇರಿ ಅಲ್ಲಿ ಮಾಡುವುದಾದರೂ ಏನು?

ಉತ್ತರ: ಊಟ ಬಿಸಿಯಾಗಿಯೇ ಇರುತ್ತದೆ. ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನ, ಬೆಂಕಿ ಹಚ್ಚಬಾರದು, ಅಡುಗೆ ಮಾಡಬಾರದು, ನಿಜ. ಆದರೆ ಮೊದಲೇ ಹಚ್ಚಿಟ್ಟ ಬೆಂಕಿ ತನ್ನ ಪಾಡಿಗೆ ಉರಿಯುತ್ತಿದ್ದರೆ ಅಡ್ಡಿಯಿಲ್ಲ. ಆದ್ದರಿಂದ ಇಡೀ ಶನಿವಾರದ ಕೆಲಸ ಶುಕ್ರವಾರ ಮಧ್ಯಾಹ್ನವೇ ಮುಗಿದಿರಬೇಕು. ಮಾಂಸ, ಹುರುಳಿ ಜಾತಿಯ ಕಾಳು, ಬಾರ್ಲಿ, ಆಲೂಗಡ್ಡೆ, ಈರುಳ್ಳಿ ಎಲ್ಲ ಒಂದೇ ಪಾತ್ರೆಗೆ ಹಾಕಿ, ಸೂರ್ಯ ಮುಳುಗುವ ಮೊದಲೇ ಒಂದು ಹದಕ್ಕೆ ಬೇಯಿಸಿ, ಸಣ್ಣ ಉರಿಯಲ್ಲಿ ಬಿಟ್ಟುಬಿಡುತ್ತಾರೆ. ಉರಿಯ ಮೇಲೆ ಲೋಹದ ತಗಡು ಮುಚ್ಚಿರುತ್ತದೆ. ಈಗ ಹಲವು ಕಡೆ ಎಲೆಕ್ಟ್ರಿಕ್ ತಟ್ಟೆ ಬಂದಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಕಂದುಬಣ್ಣಕ್ಕೆ ತಿರುಗಿ, ನಿನ್ನೆಯ ಹುಳಿಯ ಹಾಗೆ ರುಚಿ ಕಟ್ಟಿಕೊಂಡಿರುತ್ತದೆ. ಪೂರ್ವ ಯುರೋಪಿನ ಮೂಲದವರು ಇದನ್ನು ಚೋಲೆಂಟ್ ಎನ್ನುತ್ತಾರೆ. ಬಾಗ್ದಾದಿ ಯಹೂದಿಗಳದು ಕೋಳಿಯೊಳಗೆ ಅಕ್ಕಿ ತುಂಬಿ ರಾತ್ರಿಯಿಡೀ ಬೇಯಿಸುವ ಪದ್ಧತಿ.

ಇದರ ಹಿಂದೆ ಹಳೆಯ ಜಗಳವೂ ಒಂದಿದೆ. ಯಹೂದಿಗಳಲ್ಲೇ ಮಧ್ಯಯುಗದ ಕರೈಟ್ ಪಂಥದವರು ಮೊದಲೇ ಹಚ್ಚಿದ ಬೆಂಕಿಯೂ ಕೂಡದು ಎಂದು ಕತ್ತಲಲ್ಲಿ ತಣ್ಣಗಿನ ಊಟ ಮಾಡುತ್ತಿದ್ದರು. ರಬ್ಬಿಗಳ, ಅಂದರೆ ಧರ್ಮಗುರುಗಳ, ಕಡೆಯವರು ಅವರಿಗೆ ಉತ್ತರ ಕೊಡುವಂತೆ ದೀಪ ಹಚ್ಚಿಟ್ಟರು, ಬಿಸಿ ಊಟ ಮಾಡಿದರು. ಚೋಲೆಂಟಿನ ಪಾತ್ರೆಯಲ್ಲಿ ಆ ವಾದವೂ ಸ್ವಲ್ಪ ಬೇಯುತ್ತಿದೆ ಎನ್ನಬಹುದು.

ನಿಯಮಗಳ ಪಟ್ಟಿ ಬರುವುದು ಮಿಶ್ನಾದಿಂದ, ಅಂದರೆ ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಶಾಸ್ತ್ರದಿಂದ. ಅಲ್ಲಿ 39 ಬಗೆಯ ಕೆಲಸ ನಿಷೇಧಿಸಿದ್ದಾರೆ: ಬಿತ್ತುವುದು, ಉಳುವುದು, ಬೀಸುವುದು, ಗಂಟು ಹಾಕುವುದು, ಎರಡಕ್ಷರ ಬರೆಯುವುದು, ಹೀಗೆ. ಕಾಗದ ಹರಿಯುವುದೂ ಕೂಡದ್ದರಿಂದ ಟಾಯ್ಲೆಟ್ ಪೇಪರನ್ನು ಶುಕ್ರವಾರವೇ ಹರಿದಿಡುತ್ತಾರೆ. ಬಾಗಿಲು ತೆಗೆದಾಗ ಹತ್ತಿಕೊಳ್ಳದಿರಲೆಂದು ಫ್ರಿಡ್ಜಿನ ಬಲ್ಬ್ ಕಳಚುತ್ತಾರೆ, ಸಭಾಂಗಣದ ದೀಪಗಳಿಗೆ ಟೈಮರ್ ಕೂರಿಸುತ್ತಾರೆ. ಹೊರಗೆ ಬಯಲಲ್ಲಿ ಕರವಸ್ತ್ರ ಒಯ್ಯುವುದಕ್ಕೂ ತಡೆಯಿದೆ. ಅದಕ್ಕೆ ಆವರಣದ ಸುತ್ತ ಕಂಬ ನೆಟ್ಟು ದಾರ ಎಳೆದು, ಅಷ್ಟೂ ಜಾಗವನ್ನು ಒಂದೇ ಮನೆಯಂತೆ ಲೆಕ್ಕ ಹಿಡಿಯುತ್ತಾರೆ. ಆ ಗಡಿಗೆ ಎರುವ್ ಎಂದು ಹೆಸರು.

ಇದೆಲ್ಲ ದೂರದ ಕಥೆ ಎನಿಸಿದರೆ ಪಕ್ಕದ ಕೊಂಕಣ ನೋಡಿ. ಅಲ್ಲಿನ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆದರು.

ಎಲ್ಲ ಯಹೂದಿಗಳೂ ಇಷ್ಟು ಕಟ್ಟುನಿಟ್ಟು ಎಂದುಕೊಳ್ಳಬೇಡಿ. ಉದಾರವಾದಿ ರಿಫಾರ್ಮ್ ಪಂಥದ ಬಹುಪಾಲು ಜನ ಶನಿವಾರ ಕಾರು ಓಡಿಸುತ್ತಾರೆ. ಎಲ್ಲರೂ ಬೆರೆತ ಶಿಬಿರಗಳಲ್ಲಿ ಸಾಮಾನ್ಯವಾಗಿ ಒಂದು ಒಪ್ಪಂದ ಇರುತ್ತದೆ: ನಾಲ್ಕು ಜನ ಸೇರುವ ಜಾಗದಲ್ಲಿ ಮಡಿವಂತರ ನಿಯಮ, ಕೋಣೆಯೊಳಗೆ ಅವರವರ ಇಷ್ಟ.

ಇನ್ನು ಗಂಡಸರೇ ಯಾಕೆ ಎಂಬುದು. ಅಮೆರಿಕದಲ್ಲಿ ಇದಕ್ಕೆ ಹಳೆಯ ಸಂಘಟನೆಗಳಿವೆ. ನಡುದಾರಿ ಹಿಡಿದ ಕನ್ಸರ್ವೇಟಿವ್ ಪಂಥದ ಯಹೂದಿ ಪುರುಷರ ಕ್ಲಬ್ಬುಗಳ ಒಕ್ಕೂಟ ಹುಟ್ಟಿದ್ದು 1929ರಲ್ಲಿ. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ಬೇಕು. ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥದಲ್ಲಿ ಆ ಹತ್ತರಲ್ಲಿ ಇಂದಿಗೂ ಗಂಡಸರದಷ್ಟೇ ಲೆಕ್ಕ. ಕನ್ಸರ್ವೇಟಿವ್ ಪಂಥ 1973ರಲ್ಲಿ ಹೆಂಗಸರನ್ನೂ ಎಣಿಸಲು ಅನುಮತಿ ಕೊಟ್ಟಿತು. ಅಂದಮೇಲೆ ಆ ಪಂಥದಲ್ಲಿ ಪ್ರಾರ್ಥನೆಗಾಗಿ ಗಂಡಸರೇ ಪ್ರತ್ಯೇಕ ಸೇರಬೇಕಾದ ಅಗತ್ಯ ಉಳಿದಿಲ್ಲ. ಅವರು ಸೇರುವುದು ಮಾತಿಗಾಗಿ. ಅಪ್ಪನ ಜೊತೆಗಿನ ಮುನಿಸು, ನಿವೃತ್ತಿ, ಕಾಯಿಲೆ, ಕೈಬಿಟ್ಟ ಕೆಲಸ: ಹೆಂಡತಿಯ ಮುಂದೆಯೂ ಸ್ನೇಹಿತರ ಮುಂದೆಯೂ ಬಾಯಿಗೆ ಬರದ ವಿಷಯಗಳಿಗೆ ಗುಂಪು ಗುಂಪಾಗಿ ಕೂತು ಮಾತಾಡುವ ಹೊತ್ತು ಇಟ್ಟಿರುತ್ತಾರೆ. ಅಪ್ಪ ಅಮ್ಮನನ್ನು ಕಳೆದುಕೊಂಡವರು ಹನ್ನೊಂದು ತಿಂಗಳು ದಿನವೂ ಹೇಳುವ ಕದ್ದೀಶ್ ಪ್ರಾರ್ಥನೆಗೂ ಆ ಹತ್ತು ಮಂದಿ ಬೇಕೇ ಬೇಕು. ಅದನ್ನು ಹೇಳಲು ಒಬ್ಬರು ಎದ್ದು ನಿಂತಾಗ, ಅವರ ಮನೆಯಲ್ಲಿ ಏನಾಗಿದೆ ಎಂದು ಉಳಿದವರಿಗೆ ಕೇಳದೆಯೇ ತಿಳಿಯುತ್ತದೆ. ಮಾತು ಶುರುವಾಗಲು ಅಷ್ಟು ಸಾಕು.

ಉಳಿದ ಹೊತ್ತು ಹೀಗೆ: ಶುಕ್ರವಾರ ಸಂಜೆ ಹಾಡು, ದ್ರಾಕ್ಷಾರಸದ ಮೇಲೆ ಆಶೀರ್ವಾದ, ಎರಡು ಹೆಣೆದ ಬ್ರೆಡ್. ಶನಿವಾರ ಬೆಳಿಗ್ಗೆ ಧರ್ಮಗ್ರಂಥವಾದ ತೋರಾದ ಸುರುಳಿ ಬಿಚ್ಚಿ ಓದುವಾಗ ಒಬ್ಬೊಬ್ಬರಂತೆ ಏಳು ಮಂದಿಯನ್ನು ಕರೆಯುತ್ತಾರೆ. ಮಧ್ಯಾಹ್ನ ಚೋಲೆಂಟ್, ಆಮೇಲೆ ನಿದ್ದೆ. ಚೋಲೆಂಟ್ ತಿಂದವರಿಗೆ ಬೇರೆ ದಾರಿಯೂ ಇಲ್ಲ. ಮೂರು ನಕ್ಷತ್ರ ಕಂಡ ಮೇಲೆ ಹೆಣೆದ ಮೇಣದ ಬತ್ತಿ ಹಚ್ಚಿ, ಲವಂಗದಂಥ ಮಸಾಲೆ ಮೂಸಿ ದಿನ ಮುಗಿಸುತ್ತಾರೆ. ಶಬ್ಬಾತ್ ದಿನ ಧರಿಸದ ತೆಫಿಲಿನ್ ಎಂಬ ಚರ್ಮದ ಪೆಟ್ಟಿಗೆಗಳನ್ನು ಭಾನುವಾರ ಬೆಳಿಗ್ಗೆ ತೋಳಿಗೂ ಹಣೆಗೂ ಕಟ್ಟಿಕೊಳ್ಳುತ್ತಾರೆ. ಹದಿಮೂರರ ವಯಸ್ಸಿನಲ್ಲಿ ಕಲಿತು ಮರೆತವರಿಗೆ ಪಟ್ಟಿ ಸುತ್ತುವುದನ್ನು ಪಕ್ಕದವರು ಮತ್ತೆ ಹೇಳಿಕೊಡುತ್ತಾರೆ.

ನನಗೆ ಕೇಳಿದರೆ, ಅಡುಗೆಯನ್ನು ಬೇರೆಯವರಿಗೆ ವಹಿಸದೆ ತಾವೇ ಮಾಡಿಕೊಳ್ಳುವ ಶಿಬಿರವೇ ಮೇಲು. ಹಲವು ಮನೆಗಳಲ್ಲಿ ಶುಕ್ರವಾರದ ಓಡಾಟವೆಲ್ಲ ಹೆಂಗಸರದು. ಸಂಜೆ ಸ್ನಾನ ಮಾಡಿ ಮೇಜಿಗೆ ಬಂದು ಕೂರುವ ಗಂಡಸಿಗೆ ವಿಶ್ರಾಂತಿಯ ಬೆಲೆ ಗೊತ್ತಾಗುವುದಿಲ್ಲ. ಮೂವತ್ತು ಜನರಿಗೆ ಈರುಳ್ಳಿ ಹೆಚ್ಚಿದರೆ ಗೊತ್ತಾಗುತ್ತದೆ.

ನೀವು ಕೇಳದಿದ್ದರೂ, ನಿಮ್ಮ ಟೀಮಿನ ಕೆಲಸದ ಬಗ್ಗೆಯೂ ಒಂದು ಮಾತು. ದೀಪ ಹಚ್ಚಿ ಶಬ್ಬಾತ್ ಶುರು ಮಾಡುವುದು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಡಿಸೆಂಬರಿನ ನ್ಯೂಜೆರ್ಸಿಯಲ್ಲಿ ಅದು ಸಂಜೆ ನಾಲ್ಕು ದಾಟುತ್ತಿದ್ದಂತೆ, ಅಂದರೆ ನಿಮಗೆ ಶನಿವಾರ ಬೆಳಗಿನ ಜಾವ ಎರಡೂವರೆಯ ಮೇಲೆ. ಮುಗಿಯುವುದು ಭಾನುವಾರ ನಸುಕಿನ ನಾಲ್ಕರ ಸುಮಾರಿಗೆ. ಸಹೋದ್ಯೋಗಿ ಕೈಗೆ ಸಿಗದ ಸಮಯವೆಲ್ಲ ನಿಮ್ಮ ರಜೆಯಲ್ಲೇ ಕಳೆಯುತ್ತದೆ. ಶಿಬಿರದ ವಾರ ಮಾತ್ರ ಅವರು ಶುಕ್ರವಾರ ಬೇಗ ಹೊರಡಬೇಕು. ಕೇಳುವುದಿದ್ದರೆ ಗುರುವಾರವೇ ಕೇಳಿ.