ಸಾಮ್ರಾಜ್ಯ ಬೆಳೆದಂತೆ ಸೊರಗುವ ಕಥನ

ಸ್ಟ್ರಾಟಜಿ ಗೇಮ್‌ಗಳಲ್ಲಿ ತಾವು ನಡೆಸಿದ ದಂಡಯಾತ್ರೆಯನ್ನು ಕಂತು ಕಂತಾಗಿ ಬರೆಯಲು ಕೂತವರಲ್ಲಿ ಬಹಳಷ್ಟು ಮಂದಿ ಕೊನೆ ಮುಟ್ಟುವುದಿಲ್ಲ. ಆರಂಭಶೂರತ್ವ ಎಂದು ಅದನ್ನು ತಳ್ಳಿಹಾಕುವುದು ವಾಡಿಕೆ. ಆದರೆ ಕಥನಗಳು ಎಲ್ಲಿ ನಿಲ್ಲುತ್ತವೆ ಎಂದು ನೋಡಿದರೆ ಕಾರಣ ಬೇರೆಯೇ ಇದೆ.

ಹಿಂದೆ ಇಂಥವನ್ನು ಆಟ ಮುಗಿದ ಮೇಲೆ ಬರೆಯುತ್ತಿದ್ದರು. ಎಚ್.ಜಿ. ವೆಲ್ಸ್ 1913ರ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ಆಟಿಕೆ ಸೈನಿಕರ ಕದನವೊಂದನ್ನು ಬಣ್ಣಿಸಿದ್ದು ಹಾಗೆ. 1964ರಲ್ಲಿ ಶುರುವಾದ 'ದಿ ಜನರಲ್' ಪತ್ರಿಕೆ ಬೋರ್ಡ್ ಗೇಮ್‌ಗಳನ್ನು ಸರದಿಯಿಂದ ಸರದಿಗೆ ವಿವರಿಸಿ ಅಚ್ಚು ಹಾಕಿದ್ದೂ ಹಾಗೆಯೇ. ಸೋಲು ಗೆಲುವು ಗೊತ್ತಿದ್ದುದರಿಂದ ಯಾವ ಸರದಿಗೆ ಒಂದು ಪುಟ, ಯಾವುದಕ್ಕೆ ಒಂದೇ ಸಾಲು ಎಂಬ ಲೆಕ್ಕ ಸಿಗುತ್ತಿತ್ತು. 2000ದಲ್ಲಿ 'ಯುರೋಪಾ ಯೂನಿವರ್ಸಾಲಿಸ್' ಎಂಬ ಕಂಪ್ಯೂಟರ್ ಗೇಮ್ ಬಂದ ಮೇಲೆ ಶತಮಾನಗಳ ಇತಿಹಾಸವೇ ಒಂದು ಆಟವಾಯಿತು. ಆಡುತ್ತಾ ಆಡುತ್ತಾ ಬರೆಯುವುದು ರೂಢಿಯಾಯಿತು. ತೊಡಕು ಶುರುವಾದದ್ದು ಅಲ್ಲಿ.

ಅದರ 2013ರ ನಾಲ್ಕನೇ ಆವೃತ್ತಿಯನ್ನೇ ನೋಡಿ. ಆಟ 1444ರ ನವೆಂಬರ್ 11ರಿಂದ 1821ರವರೆಗೆ, ಅಂದರೆ ಸುಮಾರು 376 ವರ್ಷ. ಒಟ್ಟೋಮನ್ ಪಕ್ಷ ಹಿಡಿದವರ ಮೊದಲ ಕಂತು ಸಾಮಾನ್ಯವಾಗಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆ. ಬಂದರನ್ನು ಹಡಗುಗಳಿಂದ ಬಂದ್ ಮಾಡದಿದ್ದರೆ ಮುತ್ತಿಗೆಗೆ ಹಿನ್ನಡೆ. ಸುಮಾರು 30 ದಿನಕ್ಕೊಮ್ಮೆ ದಾಳ ಉರುಳುತ್ತದೆ. ಪ್ರತಿ ಸಲವೂ ಎದೆ ಢವಢವ. ಬರೆಯಲು ಬೇಕಾದಷ್ಟಿದೆ. ಐದು ವರ್ಷಕ್ಕೆ ಒಂದು ಕಂತು ಎಂದು ಹಿಡಿದರೂ ಪೂರ್ತಿ ಆಟಕ್ಕೆ 75 ಕಂತು ಬೇಕು. ಅಷ್ಟರಲ್ಲಿ ರಾಜ್ಯ ದೊಡ್ಡದಾಗಿ, 1600ರ ಹೊತ್ತಿಗೆ ಎದುರಾಳಿಗಳೇ ಉಳಿದಿರುವುದಿಲ್ಲ. ಯುದ್ಧ ಸಾರು, ಕೋಟೆ ಮುತ್ತು, ಪ್ರಾಂತ್ಯ ಪಡೆ: ಇದನ್ನು ನಲವತ್ತನೇ ಸಲ ಹೊಸದಾಗಿ ಬರೆಯುವುದು ಪಳಗಿದ ಕೈಗೂ ಕಷ್ಟ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಅಂತರದಿಂದ. ಒಂದು ಸಂಜೆಯಲ್ಲಿ ಹತ್ತಾರು ವರ್ಷ ಆಡಿ ಮುಗಿಸಬಹುದು, ಅದನ್ನು ಬರೆಯಲು ವಾರ ಬೇಕು. ಆಟ 1520ರಲ್ಲಿದ್ದರೆ ಕಥನ ಇನ್ನೂ 1460ರಲ್ಲಿ. ಆಗ ಆ ಮೈತ್ರಿಯನ್ನು ಏಕೆ ಮುರಿದದ್ದು ಎಂಬುದು ಮರೆತುಹೋಗಿರುತ್ತದೆ, ಬೇಕಾದ ಸ್ಕ್ರೀನ್‌ಶಾಟ್ ತೆಗೆದಿರುವುದಿಲ್ಲ. ಐರನ್‌ಮ್ಯಾನ್ ಮೋಡ್‌ನಲ್ಲಿ ಆಟವನ್ನು ಉಳಿಸಿಡುವ ಸೇವ್ ಫೈಲ್ ಒಂದೇ, ಅದೂ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತಾ ಹೋಗುತ್ತದೆ. ಹಿಂದಕ್ಕೆ ಹೋಗಿ ನೋಡುವ ದಾರಿ ಇಲ್ಲ.

ಇದರ ನಡುವೆ ಪ್ಯಾಚ್, ಅಂದರೆ ಆಟಕ್ಕೆ ತಯಾರಕರು ಮಾಡುವ ತಿದ್ದುಪಡಿ, ಬರುತ್ತದೆ. ಆಟಗಳನ್ನು ಕೊಂಡು ಆಡುವ ವೇದಿಕೆಯಾದ ಸ್ಟೀಮ್ ತಾನಾಗಿಯೇ ಅಪ್‌ಡೇಟ್ ಮಾಡುತ್ತದೆ. ಹಳೆಯ ಸೇವ್ ತೆರೆಯದೇ ಹೋಗಬಹುದು, ಇಲ್ಲವೇ ತೆರೆದರೂ ನಿಯಮಗಳು ಬದಲಾಗಿರಬಹುದು. ಎಷ್ಟೋ ಒಳ್ಳೆಯ ಕಥನಗಳ ಕೊನೆಯ ಕಂತಿನಲ್ಲಿ ಇದೇ ಕಾರಣ ಇರುತ್ತದೆ. ತಪ್ಪಿಸಬಹುದಾದ ನಷ್ಟವಿದು. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ನಲ್ಲಿ ಬೀಟಾಸ್ ಎಂಬಲ್ಲಿ ಹಳೆಯ ಆವೃತ್ತಿ ಲಭ್ಯವಿದ್ದರೆ ಅದನ್ನೇ ಆರಿಸಿ ಅಲ್ಲೇ ಉಳಿಯಬಹುದು. ಆಟಗಾರರೇ ಮಾಡಿದ ಮಾರ್ಪಾಡುಗಳಾದ ಮಾಡ್‌ಗಳು ಬೇರೆಯಾಗಿ ಅಪ್‌ಡೇಟ್ ಆಗುವುದರಿಂದ ಅವುಗಳ ಫೋಲ್ಡರನ್ನು ನಕಲು ಮಾಡಿಡಬೇಕು. ಇದು ಬಹಳ ಮಂದಿಗೆ ತಿಳಿಯುವುದು ಆಟ ಕೆಟ್ಟ ಮೇಲೆ.

ಚಿತ್ರಗಳದ್ದೂ ಒಂದು ಕಥೆ. ಉಚಿತವಾಗಿ ಚಿತ್ರ ಇಡುತ್ತಿದ್ದ ಸೇವೆಗಳು 2017ರ ಆಸುಪಾಸಿನಿಂದ ನಿಯಮ ಬಿಗಿಗೊಳಿಸಿದಾಗ ಹಳೆಯ ಕಂತುಗಳ ನಕ್ಷೆಗಳು ಮಾಯವಾದವು, ಬರೆಯುತ್ತಿದ್ದವರಿಗೂ ಉತ್ಸಾಹ ಇಳಿಯಿತು. ವಿಡಿಯೋ, ಲೈವ್ ಸ್ಟ್ರೀಮ್ ಬಂದು ಓದುಗರೂ ಕಡಿಮೆಯಾದರು.

ಕೊನೆ ಮುಟ್ಟಿಸುವವರು ಮೊದಲ ಕಂತಿಗೂ ಮುನ್ನ ಮುಕ್ತಾಯ ಗೊತ್ತುಮಾಡಿಕೊಂಡಿರುತ್ತಾರೆ: ಒಬ್ಬ ದೊರೆಯ ಆಳ್ವಿಕೆ, ಒಂದು ಯುದ್ಧ, ಒಂದು ಶತಮಾನ. ಐರನ್‌ಮ್ಯಾನ್‌ನಲ್ಲಿ ಆಟ ಕೊಡುವ ಸಾಧನೆಯ ಪದಕಗಳ ಆಸೆ ಬಿಟ್ಟು ಐರನ್‌ಮ್ಯಾನ್ ಇಲ್ಲದೆ ಆಡುತ್ತಾರೆ, ಹತ್ತು ವರ್ಷಕ್ಕೊಂದು ಸೇವ್ ಬೇರೆ ಹೆಸರಿನಲ್ಲಿ ಇಡುತ್ತಾರೆ. ಆಡುವಾಗಲೇ ದಿನಾಂಕ, ನಿರ್ಧಾರ, ಕಾರಣ ಮೂರನ್ನೂ ಒಂದು ಸಾಲಿನಲ್ಲಿ ಗುರುತು ಹಾಕುತ್ತಾರೆ. ಕೆಲವರು ದಂಡಯಾತ್ರೆ ಪೂರ್ತಿ ಮುಗಿಸಿಯೇ ಬರೆಯಲು ಕೂರುತ್ತಾರೆ. ಶಾಂತಿಯ ಇಪ್ಪತ್ತು ವರ್ಷ ಅವರಲ್ಲಿ ಎರಡು ಸಾಲಾಗುತ್ತದೆ, ಸೋತ ಒಂದು ಕದನ ಎರಡು ಕಂತಾಗುತ್ತದೆ.