ಬಾಚಣಿಗೆ ಬಾಚುತ್ತದೆ, ಪೊರಕೆ? ವಸ್ತುಗಳ ಉಪಯೋಗ ಹೇಳಿಸುವ ಮನೆ ಅಭ್ಯಾಸ

ಮೊದಲ ದಿನ ಐದಕ್ಕೆ ಐದು ಸರಿ ಎಂದು ಬರೆದಿಟ್ಟು ಬೀಗಿದ್ದೆ. ಬಾಚಣಿಗೆ, ಬೀಸಣಿಗೆ, ಮುಚ್ಚಳ, ಹೊದಿಕೆ, ಕತ್ತರಿ. ಮಗು ಒಂದಕ್ಕೂ ತಡವರಿಸಲಿಲ್ಲ. ಮರುದಿನ ಪೊರಕೆ ತೋರಿಸಿ ‘ಇದರಿಂದ ಏನು ಮಾಡುತ್ತೇವೆ?’ ಎಂದು ಕೇಳಿದರೆ ಮೌನ.

ತಪ್ಪು ನನ್ನದು. ಆ ಐದು ಹೆಸರುಗಳನ್ನು ಇನ್ನೊಮ್ಮೆ ಓದಿ ನೋಡಿ: ಬಾಚು, ಬೀಸು, ಮುಚ್ಚು, ಹೊದೆ, ಕತ್ತರಿಸು. ಕನ್ನಡದಲ್ಲಿ ಎಷ್ಟೋ ವಸ್ತುಗಳ ಹೆಸರಿನಲ್ಲೇ ಅವುಗಳ ಕೆಲಸ ಅಡಗಿದೆ. ಮಗು ಉಪಯೋಗ ತಿಳಿದು ಹೇಳಿತೋ, ಶಬ್ದದ ಬಾಲ ಹಿಡಿದು ಹೇಳಿತೋ ಗೊತ್ತಾಗುವುದಿಲ್ಲ. ಪೊರಕೆ, ಸೂಜಿ, ಲೋಟ, ಸಾಬೂನು ಹಾಗಲ್ಲ. ಹೆಸರು ಏನನ್ನೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಕಲಿಸಲು ತೊಡಗುವಾಗ ಮೊದಲ ಗುಂಪು, ಕಲಿತಿದೆಯೇ ಎಂದು ನೋಡುವಾಗ ಎರಡನೆಯದು ಎಂದು ಈಗ ವಿಂಗಡಿಸಿಕೊಂಡಿದ್ದೇನೆ.

‘ವಸ್ತುವಿನ ಉಪಯೋಗ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಮೂರು ಕೆಲಸಗಳಿವೆ. ಲೋಟವನ್ನು ಬಾಯಿಗೆ, ಬಾಚಣಿಗೆಯನ್ನು ತಲೆಗೆ ಒಯ್ಯುವುದು ಕೈಯ ತಿಳಿವಳಿಕೆ. ಸಾಮಾನ್ಯವಾಗಿ ಇದು ಒಂದು ವರ್ಷದ ಆಸುಪಾಸಿನಲ್ಲಿ ಕಾಣತೊಡಗುತ್ತದೆ. ‘ಕೈ ಒರೆಸಿಕೊಳ್ಳಲು ಯಾವುದು ಬೇಕು?’ ಎಂದಾಗ ಟವೆಲನ್ನು ಎತ್ತಿಕೊಡುವುದು ಗ್ರಹಿಕೆ. ‘ಟವೆಲಿನಿಂದ ಏನು ಮಾಡುತ್ತೇವೆ?’ ಎಂದಾಗ ‘ಒರೆಸುತ್ತೇವೆ’ ಎನ್ನುವುದು ಅಭಿವ್ಯಕ್ತಿ. ಕೊನೆಯದು ಬಾರದಿದ್ದರೆ ಗ್ರಹಿಕೆಗೆ, ಅದೂ ಬಾರದಿದ್ದರೆ ಕೈಗೆ ಇಳಿಯಬೇಕು. ಅದೇ ಪ್ರಶ್ನೆಯನ್ನು ಇನ್ನಷ್ಟು ಜೋರಾಗಿ ಕೇಳುವುದು ನಾವೆಲ್ಲರೂ ಮಾಡುವ, ಪ್ರಯೋಜನಕ್ಕೆ ಬಾರದ ಕೆಲಸ.

ಪ್ರಶ್ನೆಯ ರೂಪವೂ ಕಾಡುತ್ತದೆ. ‘ಸಾಬೂನು ಏಕೆ?’ ಎಂದರೆ ಕಾರಣ ಕೇಳಿದಂತಾಗುತ್ತದೆ. ಕಾರಣದ ಪ್ರಶ್ನೆಗಳು ಮಕ್ಕಳಿಗೆ ‘ಏನು’, ‘ಎಲ್ಲಿ’ಗಳಿಗಿಂತ ತಡವಾಗಿ ಒಗ್ಗುತ್ತವೆ. ವಿಭಕ್ತಿಯನ್ನೂ ನೋಡಿಕೊಳ್ಳಿ. ಸೂಜಿಯಿಂದ ಹೊಲಿಯುತ್ತೇವೆ, ಆದರೆ ಲೋಟದಲ್ಲಿ ಕುಡಿಯುತ್ತೇವೆ, ಕುರ್ಚಿಯ ಮೇಲೆ ಕೂರುತ್ತೇವೆ. ಎಲ್ಲಕ್ಕೂ ‘ಇದರಿಂದ’ ಎಂದು ಕೇಳುತ್ತಾ ಹೋದರೆ ಪ್ರಶ್ನೆಯೇ ತಪ್ಪಾಗಿರುತ್ತದೆ.

ಮೇಜಿನ ಮುಂದೆ ಚಿತ್ರಗಳ ಕಾರ್ಡು ಹರಡುವುದಕ್ಕಿಂತ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುವುದು ಲೇಸು. ಬೀಗದ ಕೈಯನ್ನು ಎತ್ತಿ ತೋರಿಸಿ ಕೇಳಿ. ಮಗು ‘ಬಾಗಿಲು’ ಎನ್ನಬಹುದು. ಅದು ಉಪಯೋಗವಲ್ಲ, ಆದರೆ ನಂಟು ಸರಿಯಾಗಿದೆ. ‘ಹೌದು, ಬಾಗಿಲು. ಇದರಿಂದ ಬಾಗಿಲಿನ ಬೀಗ...’ ಎಂದು ಅಲ್ಲಿಗೇ ನಿಲ್ಲಿಸಿ ಕಾಯಿರಿ. ಮನಸ್ಸಿನಲ್ಲಿ ಐದರವರೆಗೆ ಎಣಿಸುವಷ್ಟು ಹೊತ್ತು. ಬಾರದಿದ್ದರೆ ಬೀಗ ತೆಗೆಯುವಂತೆ ಬರಿಗೈ ತಿರುಗಿಸಿ ತೋರಿಸಿ, ಆಮೇಲೆ ‘ತೆ...’ ಎಂಬ ಮೊದಲ ಅಕ್ಷರ, ಕೊನೆಗೆ ‘ತೆಗೆಯುತ್ತೇವೆ’ ಎಂದು ನೀವೇ ಹೇಳಿ ಹೇಳಿಸಿ. ಬೀಗ ಆಮೇಲೆ ತೆರೆಯಲಿ. ಪುಸ್ತಕದಲ್ಲಿ ಸರಿ–ತಪ್ಪು ಅಷ್ಟೇ ಬರೆಯದೆ ಯಾವ ಸುಳಿವಿಗೆ ಮಾತು ಬಂತು ಎಂದು ಬರೆಯಿರಿ. ವಾರ ಕಳೆದ ಮೇಲೆ ಪ್ರಗತಿ ಕಾಣುವುದು ಅಲ್ಲಿಯೇ.

ಸ್ವಲ್ಪ ಕಲಿತ ಮಗುವಿಗೆ ‘ಪೊರಕೆಯಿಂದ ತಲೆ ಬಾಚೋಣವೇ?’ ಎಂದು ಕೇಳಿ ನೋಡಿ. ನಕ್ಕು ತಿದ್ದಿದರೆ ಆ ದಿನದ ಅಭ್ಯಾಸ ಅಷ್ಟಕ್ಕೆ ಸಾಕು.

ಪಾರ್ಶ್ವವಾಯುವಿನ ನಂತರ ಅಫೇಸಿಯಾ (ಮಿದುಳಿಗೆ ಹಾನಿಯಾಗಿ ಮಾತು ತೋಚದ, ಭಾಷೆ ಕುಂದುವ ತೊಂದರೆ) ಬಂದ ಹಿರಿಯರಿಗೆ ಇದೇ ಅಭ್ಯಾಸದ ದಿಕ್ಕು ತಿರುಗುತ್ತದೆ. ಅಲ್ಲಿ ಉಪಯೋಗ ಗುರಿಯಲ್ಲ, ಹೆಸರಿಗೆ ಹೋಗುವ ಮೆಟ್ಟಿಲು. ವಸ್ತು ಯಾವ ಗುಂಪಿನದು, ಯಾತಕ್ಕೆ ಬಳಕೆ, ಏನು ಮಾಡುತ್ತದೆ, ಹೇಗಿದೆ, ಎಲ್ಲಿರುತ್ತದೆ, ಏನನ್ನು ನೆನಪಿಸುತ್ತದೆ ಎಂದು ಸುತ್ತಲಿನಿಂದ ಬರುವ ಈ ವಿಧಾನವನ್ನು ಸಂಶೋಧಕರಾದ ಬಾಯ್ಲ್ ಮತ್ತು ಕೊಯೆಲೊ 1995ರಲ್ಲಿ ಅಫೇಸಿಯಾ ಇದ್ದ ಒಬ್ಬರ ಮೇಲೆ ಪ್ರಯೋಗಿಸಿ ವರದಿ ಮಾಡಿದರು. ಚಿತ್ರಗಳ ಹೆಸರು ಹೇಳುವುದು ಸುಧಾರಿಸಿತು, ಸಹಜ ಮಾತುಕತೆಗೆ ಅದು ಹರಿಯಲಿಲ್ಲ. ಮನೆಯ ಅಭ್ಯಾಸವನ್ನು ಕಾರ್ಡಿನಿಂದಾಚೆಗೆ ಒಯ್ಯಬೇಕೆಂದು ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ. ಹಿರಿಯರ ಮುಂದೆ ಆಟಿಕೆ ಇಡಬೇಡಿ. ಅವರದೇ ಕನ್ನಡಕ, ಅವರದೇ ಪೆನ್ನು ಇರಲಿ. ಪೆನ್ನು ನೋಡಿ ‘ಬರೆಯುವುದು... ಅದು...’ ಎಂದರೆ ಆ ‘ಬರೆಯುವುದು’ ಎಂಬುದನ್ನೇ ಗಟ್ಟಿಯಾಗಿ ಹೇಳಿಸಿ, ಹೆಸರು ನಿಧಾನವಾಗಿ ಬರಲಿ.